ಗರಿಕೆಯ ಜಮಾಖರ್ಚು

ಬ್ಯಾಂಕಿನಿಂದ ನಾನು ನಿವೃತ್ತನಾಗುವ ಹೊತ್ತಿಗೆ ನನ್ನ ಎರಡೂ ಮಂಡಿಗಳು ಸ್ವಯಂನಿವೃತ್ತಿ ಪಡೆದು ವರ್ಷವಾಗಿತ್ತು. ಮೈಸೂರಿನ ನಮ್ಮ ಮನೆಯ ಮುಂದಿರುವುದನ್ನು ತೋಟವೆಂದು ಕರೆಯುವುದು ನನ್ನ ಅಭ್ಯಾಸ. ನಿಜ ಹೇಳಬೇಕೆಂದರೆ 40×60 ನಿವೇಶನದಲ್ಲಿ ಮನೆ ಕಟ್ಟಿ ಮಿಕ್ಕ ಮಣ್ಣು ಅದು. ದಾಸವಾಳದ ಬೇಲಿ, ಒಂದು ಪಾರಿಜಾತ, ಕರಿಬೇವು, ನಾಲ್ಕು ಬುಡ ಮಲ್ಲಿಗೆ. ಇವೆಲ್ಲದರ ಕಾಲಡಿಯಲ್ಲಿ ಯಾರೂ ನೆಡದೆ ಹಬ್ಬಿದ ಗರಿಕೆ.

ಹೋದ ಮಳೆಗಾಲದಲ್ಲಿ ಒಂದು ಬೆಳಗ್ಗೆ ಗರಿಕೆ ಕೀಳಲು ಕುಕ್ಕರಗಾಲಿನಲ್ಲಿ ಕುಳಿತವನು ಮತ್ತೆ ಏಳಲಾಗಲಿಲ್ಲ. ಪಾರಿಜಾತದ ಕಾಂಡ ಹಿಡಿದುಕೊಂಡು ಹಾಲಿನವನ ದಾರಿ ಕಾಯುತ್ತಿದ್ದೆ. ತಲೆಯ ಮೇಲೆ ಹೂವು ಉದುರುತ್ತಿತ್ತು. ಬಾಗಿಲಿಗೆ ಬಂದ ನನ್ನಾಕೆ ಸ್ವಲ್ಪ ಹೊತ್ತು ನೋಡಿ, “ಯಾವ ವರ ಬೇಡುತ್ತಿದ್ದೀರಿ?” ಎಂದಳು. ಮರುದಿನವೇ ಮಾಲಿಯನ್ನು ಗೊತ್ತು ಮಾಡಿದೆವು. ಹದಿನೈದು ದಿನಕ್ಕೊಮ್ಮೆ ಬರಬೇಕು, ಬಂದ ದಿನ 600 ರೂಪಾಯಿ, ಎರಡು ಕಾಫಿ.

ಬಂದವನು ಗೇಟಿನ ಬಳಿಯೇ ನಿಂತು ಅಂಗಳವನ್ನೆಲ್ಲ ಕಣ್ಣಾಡಿಸಿ, “ಇದನ್ನೆಲ್ಲ ಯಾರು ನೆಟ್ಟಿದ್ದು ಸ್ವಾಮಿ?” ಎಂದ. ಹೊಸ ಕ್ಷೌರಿಕ ನಮ್ಮ ತಲೆಯನ್ನು ತಿರುಗಿಸಿ ನೋಡಿ, ಹೋದ ಸಲ ಯಾರ ಹತ್ತಿರ ಮಾಡಿಸಿದಿರಿ ಎಂದು ಕೇಳುತ್ತಾನಲ್ಲ, ಅದೇ ಧಾಟಿ. ನನಗೆ ಅವಮಾನವಾಯಿತು. “ಹಿಂದಿನ ಮಾಲೀಕರು” ಎಂದುಬಿಟ್ಟೆ. ಮನೆ ಕಟ್ಟಿಸಿದವನು ನಾನೇ. ನನ್ನಾಕೆ ಕಾಫಿ ಲೋಟ ಹಿಡಿದುಕೊಂಡು ಹಿಂದೆಯೇ ನಿಂತಿದ್ದಳು.

ಮೊದಲ ದಿನ ಬೇಲಿಯ ಸರದಿ. ಆಳೆತ್ತರದ ದಾಸವಾಳ ಸಂಜೆಗೆ ಸೊಂಟದ ಮಟ್ಟಕ್ಕೆ ಇಳಿದು, ಒಂದೇ ಒಂದು ಮೊಗ್ಗಿಲ್ಲದೆ ಸಪಾಟಾಗಿ ನಿಂತಿತು. ಮಾರನೆಯ ಬೆಳಗ್ಗೆ ಆರಕ್ಕೆ ಗೇಟಿನ ಸದ್ದು. ವರ್ಷಗಟ್ಟಲೆ ನಮ್ಮ ಬೇಲಿಯಿಂದ ಕೊಕ್ಕೆ ಕೋಲಿನಲ್ಲಿ ಹೂವೆಳೆದು ಪ್ಲಾಸ್ಟಿಕ್ ಚೀಲ ತುಂಬಿಕೊಳ್ಳುತ್ತಿದ್ದ, ನಾನು ಕಂಡರೂ ಕಾಣದಂತಿದ್ದ ಹಿರಿಯರು ಕೋಲು ಹಿಡಿದೇ ನಿಂತಿದ್ದರು. “ಹೇಳದೆ ಕೇಳದೆ ಹೀಗೆ ಕತ್ತರಿಸಿಬಿಟ್ಟರೆ ನಮ್ಮ ಪೂಜೆಗೆ ಏನು ಗತಿ?” ಎಂದು ಗದರಿದರು. ನಾನು ಕ್ಷಮೆ ಕೇಳಿದೆ. ಈಗಲೂ ಯೋಚಿಸುತ್ತೇನೆ, ಯಾತಕ್ಕೆ ಕೇಳಿದೆ ಎಂದು.

ಎರಡನೆಯ ಸಲ ನಲ್ಲಿಯ ಪಕ್ಕದ ಒಂದೆಲಗ ಹೋಯಿತು. ನೆನಪಿನ ಶಕ್ತಿಗೆ ಒಳ್ಳೆಯದೆಂದು ತಂಬುಳಿಗಾಗಿ ಬೆಳೆಸಿದ್ದೆವು. ಅದನ್ನು ಕೀಳಬೇಡ ಎಂದು ಅವನಿಗೆ ಹೇಳಲು ನಾನು ಮರೆತಿದ್ದೆ.

ಮೂರನೆಯ ಸಲ ಅವನು ಬಂದದ್ದು ಗೌರಿ ಹಬ್ಬಕ್ಕೆ ಎರಡು ದಿನ ಮುಂಚೆ. ಹಬ್ಬಕ್ಕೆ ನೆಂಟರು ಬರುತ್ತಾರೆ, ಅಂಗಳದಲ್ಲಿ ಒಂದು ಹುಲ್ಲುಕಡ್ಡಿ ಉಳಿಯಬಾರದು ಎಂದೆ. ಅವನು ಎಷ್ಟಾದರೂ ಹೇಳಿದ್ದನ್ನು ಮಾಡುವವನು. ಗರಿಕೆಯ ಒಂದು ಗೆಣ್ಣು ಮಣ್ಣಿನಲ್ಲಿ ಉಳಿದರೂ ಮತ್ತೆ ಚಿಗುರುತ್ತದೆ ಎಂದು ನನಗೇ ಪಾಠ ಹೇಳಿ, ಗುದ್ದಲಿಯಿಂದ ಅಗೆದು, ಬೇರು ಸಮೇತ ಎರಡು ಚೀಲ ತುಂಬಿದ. ಇಷ್ಟನ್ನು ಎಲ್ಲಿ ಹಾಕುವುದು ಎಂದು ನಾನು ಕೈ ಹಿಸುಕಿಕೊಂಡಾಗ, ತಾನೇ ಸಾಗಿಸುವುದಾಗಿ ಹೇಳಿದ. ಆಟೋ ಬಾಡಿಗೆಗೆಂದು 100 ರೂಪಾಯಿ ಹೆಚ್ಚಿಗೆ ಕೊಟ್ಟು, ಉಪಕಾರವಾಯಿತಪ್ಪ ಎಂದು ಕಳುಹಿಸಿದೆ.

ಚೌತಿಯ ಹಿಂದಿನ ಸಂಜೆ ನನ್ನಾಕೆ ಗಣಪತಿಗೆ ಇಪ್ಪತ್ತೊಂದು ಗರಿಕೆ ಆರಿಸಲು ತಟ್ಟೆ ಹಿಡಿದು ಹೊರಗೆ ಹೋದಳು. ಖಾಲಿ ತಟ್ಟೆಯೊಂದಿಗೆ ಒಳಗೆ ಬಂದಳು. ಏನೂ ಅನ್ನಲಿಲ್ಲ. ನಾನು ಚೀಲ ತೆಗೆದುಕೊಂಡು ಚಪ್ಪಲಿ ಮೆಟ್ಟಿದೆ.

ವೃತ್ತದ ಬಳಿ ಬಾಳೆಕಂದು, ಎಕ್ಕದ ಹಾರಗಳ ರಾಶಿಯ ನಡುವೆ ನಮ್ಮ ಮಾಲಿ ಗೋಣಿ ಹಾಸಿಕೊಂಡು ಕುಳಿತಿದ್ದ. ಮುಂದೆ ಸಣ್ಣ ಸಣ್ಣ ಕಟ್ಟುಗಳು, ಮೂರೆಸಳಿನ ಕುಡಿಗಳನ್ನೇ ಆರಿಸಿ ಬಾಳೆನಾರಿನಲ್ಲಿ ಬಿಗಿದದ್ದು. ನನ್ನನ್ನು ಕಂಡು ಅವನಿಗೆ ಒಂದಿಷ್ಟೂ ಮುಜುಗರವಾಗಲಿಲ್ಲ. “ಕಣ್ಣು ಮುಚ್ಚಿ ತೆಗೆದುಕೊಳ್ಳಿ ಸ್ವಾಮಿ, ಶುದ್ಧವಾದ ಜಾಗದಲ್ಲಿ ಬೆಳೆದದ್ದು” ಎಂದ. ಬೇರೆಯವರಿಗೆ ಇಪ್ಪತ್ತು, ನನಗೆ ಹದಿನೈದು.

ಮನೆಗೆ ತಂದ ಕಟ್ಟನ್ನು ನನ್ನಾಕೆ ಬಿಚ್ಚಿ, ದೀಪದ ಬೆಳಕಿಗೆ ಹಿಡಿದು ನೋಡಿದಳು. “ಎಷ್ಟು ಎಳೆಯದಾಗಿದೆ ನೋಡಿ. ನಮ್ಮ ಅಂಗಳದಲ್ಲಿಯೂ ಇತ್ತು, ದಂಡಕ್ಕೆ.”