ಬೆರೆತ ಮಕ್ಕಳಿಗೆ ಬಸ್ ಚಾರ್ಜ್ ಇಲ್ಲ

ಉತ್ತರ ಐರ್ಲೆಂಡಿನ ಇಂಟಿಗ್ರೇಟೆಡ್ ಶಾಲೆಯಲ್ಲಿ, ಅಂದರೆ ದಶಕಗಳ ಕಾಲ ಕಚ್ಚಾಡಿದ ಪ್ರಾಟೆಸ್ಟೆಂಟ್, ಕ್ಯಾಥೊಲಿಕ್ ಮನೆಗಳ ಮಕ್ಕಳನ್ನು ಬೆರೆಸಿ ಕೂರಿಸುವ ಶಾಲೆಯಲ್ಲಿ, ಮಕ್ಕಳಿಂದ ಒಂದು ಕಲಾ ಪ್ರದರ್ಶನ ಮಾಡಿಸಬೇಕೆಂದರೆ ಮೊದಲು ತಕ್ಕಡಿ ತರಬೇಕು. ಹಾಡು, ಬಣ್ಣ, ವೇಷ ಎಲ್ಲ ಆಮೇಲೆ. ಪ್ರಾಟೆಸ್ಟೆಂಟ್ ಶೇ. 40, ಕ್ಯಾಥೊಲಿಕ್ ಶೇ. 40, ಇತರೆ ಶೇ. 20 ಎಂಬುದು ಅಲ್ಲಿನ ಆದರ್ಶ ಪಾಕ. ಬೆಲ್‌ಫಾಸ್ಟ್ ಆಸ್ಪತ್ರೆಯ ಮಲಯಾಳಿ ನರ್ಸಮ್ಮನ ಮಗ ಸಿರಿಯನ್ ಕ್ಯಾಥೊಲಿಕ್ ಆಗಿದ್ದರೆ ಎರಡನೇ ಡಬ್ಬಿಗೆ ಬೀಳುತ್ತಾನೆ, ಅವನ ಜೊತೆ ಆಡುವ ಕನ್ನಡದ ಹುಡುಗಿ ‘ಇತರೆ’ಗೆ. ಹಳೇ ಜಗಳದ ಲೆಕ್ಕ ಸರಿದೂಗಿಸಲು ಕೊಟ್ಟಾಯಂ ಕೂಡ ಕೈ ಹಚ್ಚಿದಂತಾಯಿತು.

ಇಂಥ ಮೊದಲ ಶಾಲೆ ಲಗಾನ್ ಕಾಲೇಜು 1981ರಲ್ಲಿ 28 ಮಕ್ಕಳೊಂದಿಗೆ ಶುರುವಾಯಿತು. ಸರ್ಕಾರ ದುಡ್ಡು ಬಿಚ್ಚಿದ್ದು 1984ರಲ್ಲಿ. ಅಲ್ಲಿಯತನಕ ಹೆತ್ತವರು ಮತ್ತು ದಾನಿಗಳೇ ಗತಿ. 1989ರಲ್ಲಿ ಇಂಥ ಶಾಲೆಗಳನ್ನು ‘ಪ್ರೋತ್ಸಾಹಿಸಿ, ಅನುಕೂಲ ಮಾಡಿಕೊಡಬೇಕು’ ಎಂಬ ಕಾನೂನು ಬಂತು, 2022ರಲ್ಲಿ ಅದಕ್ಕೆ ಇನ್ನೊಂದಷ್ಟು ಗಟ್ಟಿ ಕಾನೂನು. ಇಷ್ಟಾದ ಮೇಲೂ ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಮಕ್ಕಳು ಇಂಟಿಗ್ರೇಟೆಡ್ ಶಾಲೆಗಳ ಹೊರಗೇ ಓದುತ್ತಿದ್ದಾರೆ.

ಈಗ ದುಡ್ಡಿನ ದಾರಿ ನೋಡಿ. ಸಮುದಾಯಗಳ ನಡುವೆ ಬಾಂಧವ್ಯ ಬೆಳೆಸುವ ಕಾರ್ಯಕ್ರಮಕ್ಕೆ ಹಣ ಇದೆ. ಅದರ ಹೆಸರು ಶೇರ್ಡ್ ಎಜುಕೇಶನ್. 2016ರ ಕಾಯ್ದೆಯ ಪ್ರಕಾರ ಅದು ಎರಡು ಅಥವಾ ಹೆಚ್ಚು ಸಂಸ್ಥೆಗಳು ಕೈಜೋಡಿಸಿ ಮಾಡುವ ಕೆಲಸ. ಅಂದರೆ ಬೀದಿಯ ಆಚೆಯ ಕ್ಯಾಥೊಲಿಕ್ ಶಾಲೆ, ಈಚೆಯ ಪ್ರಾಟೆಸ್ಟೆಂಟ್ ಶಾಲೆ ಸೇರಿ ಒಂದು ಗೋಡೆಗೆ ಚಿತ್ರ ಬರೆದರೆ ಬಸ್ಸಿಗೆ ದುಡ್ಡು, ಪಾಠ ಬಿಟ್ಟು ಬಂದ ಮೇಷ್ಟ್ರ ಬದಲಿಗೆ ನಿಲ್ಲುವವರಿಗೂ ದುಡ್ಡು. ಒಂದೇ ಬೆಂಚಿನಲ್ಲಿ ಕೂತು ಒಂದೇ ಬ್ರಷ್ ಹಂಚಿಕೊಳ್ಳುವ ಇಂಟಿಗ್ರೇಟೆಡ್ ಮಕ್ಕಳು ಅದೇ ಚಿತ್ರ ಬರೆದರೆ ಸಂಸ್ಥೆ ಒಂದೇ ಆಯಿತಲ್ಲ, ಅರ್ಜಿ ಅನರ್ಹ. ಅವರೂ ಬೇರೊಂದು ಶಾಲೆಯನ್ನು ಜೋಡಿ ಹುಡುಕಿಕೊಂಡು ಬರಬೇಕು. ಜಗಳವಾಡದ ಗಂಡ ಹೆಂಡಿರಿಗೆ ರಾಜಿ ಪಂಚಾಯಿತಿಯ ಊಟ ಯಾಕೆ ಎಂಬ ತರ್ಕ.

ಹಾಗಾದರೆ ಮೊದಲು ಬೇರೆಯಿದ್ದು ಆಮೇಲೆ ಇಂಟಿಗ್ರೇಟೆಡ್ ಆಗೋಣ ಎನ್ನುತ್ತೀರಾ? ಬ್ಯಾಂಗರ್ ಅಕಾಡೆಮಿ ಎಂಬ ದೊಡ್ಡ ಶಾಲೆ ಅದನ್ನೇ ಮಾಡಹೊರಟಿತು. ಮತ ಹಾಕಿದ ಪೋಷಕರಲ್ಲಿ ಶೇ. 80ರ ಹತ್ತಿರ ಜನ ಸೈ ಎಂದರು. 2025ರ ಜನವರಿಯಲ್ಲಿ ಶಿಕ್ಷಣ ಮಂತ್ರಿ ಪಾಲ್ ಗಿವನ್ ಒಲ್ಲೆ ಎಂದರು: ಸಾಕಷ್ಟು ಕ್ಯಾಥೊಲಿಕ್ ಮಕ್ಕಳು ಬರುವ ಲಕ್ಷಣ ಕಾಣುತ್ತಿಲ್ಲವಂತೆ. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು. ಮಾನ್ಯತೆ ಬೇಕಾದರೆ ಬೆರೆಯುವ ಲಕ್ಷಣ ಮೊದಲೇ ತೋರಿಸಬೇಕು, ಹಣ ಬೇಕಾದರೆ ಎರಡಾಗಿರಬೇಕು.

ಛಲ ಬಿಡದ ಸಂಗೀತದ ಮೇಷ್ಟ್ರು ಎರಡೂ ಕಡೆಯ ವಾದ್ಯ ಸೇರಿಸಿ ಮೇಳ ಕಟ್ಟುತ್ತಾರೆ ಎನ್ನಿ. ಪ್ರಾಟೆಸ್ಟೆಂಟರ ಮೆರವಣಿಗೆಯ ಲ್ಯಾಂಬೆಗ್ ಡೋಲು ಒಂದೂವರೆ ಡಜನ್ ಕಿಲೋ ತೂಗುತ್ತದೆ, ಎರಡು ಕಡೆ ಮೇಕೆ ಚರ್ಮ, ಬೆತ್ತದಲ್ಲಿ ಬಡಿಯಬೇಕು. ಐರಿಶ್ ಹಾಡಿನ ಬೌರಾನ್‌ಗೆ ಒಂದೇ ಕಡೆ ಚರ್ಮ, ತೊಡೆಯ ಮೇಲಿಟ್ಟು ಗಿಡ್ಡ ಕೋಲಿನಲ್ಲಿ ನುಡಿಸುವಂಥದ್ದು. ಚರ್ಮ ಅದೂ ಮೇಕೆಯದೇ. (ಮೇಕೆಯ ಮತದ ಕಾಲಂ ಅರ್ಜಿಯಲ್ಲಿ ಇನ್ನೂ ಬಂದಿಲ್ಲ.) ನಿಜವಾದ ತೊಡಕು ಧರ್ಮದ್ದಲ್ಲ, ತೇವದ್ದು. ಆ ಊರಿನ ಮಳೆಗಾಳಿಗೆ ಚರ್ಮ ಸಡಿಲವಾಗುತ್ತದೆ. ಲ್ಯಾಂಬೆಗ್‌ನ ಹಗ್ಗ ಎಳೆದೆಳೆದು ಬಿಗಿ ಮಾಡುವುದು ಸಣ್ಣ ಕೆಲಸವಲ್ಲ. ಹೀಟರ್ ಹಾಕಿದ ಸಭಾಂಗಣದಲ್ಲಿ ಬೌರಾನ್ ಮಾತ್ರ ಅತಿಯಾಗಿ ಬಿಗಿದು ಟಣ್ ಎನ್ನತೊಡಗುತ್ತದೆ, ಅದಕ್ಕೆ ಒಳಗಿನಿಂದ ನೀರು ಸವರಬೇಕು. ಎರಡನ್ನೂ ಒಟ್ಟಿಗೆ ಬಾರಿಸಿದರೆ ಲ್ಯಾಂಬೆಗ್ ಸದ್ದಿನಲ್ಲಿ ಬೌರಾನ್ ಇದೆಯೋ ಇಲ್ಲವೋ ತಿಳಿಯದು. ಆದ್ದರಿಂದ ಲ್ಯಾಂಬೆಗ್ ಅಂಗಳದಲ್ಲಿ, ಬೌರಾನ್ ಒಳಗೆ. ಶಾಲೆ ಸೇರಿಸಿದ್ದನ್ನು ಶಬ್ದಶಾಸ್ತ್ರ ಬೇರ್ಪಡಿಸಿತು.

ಇನ್ನು ಪಂಚಾಂಗ. ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರು, ಮಾರ್ಚ್ 31ಕ್ಕೆ ಮುಗಿತಾಯ. ಸ್ಟಾರ್ಮಾಂಟ್ ಸರ್ಕಾರ, ಅಂದರೆ ಉತ್ತರ ಐರ್ಲೆಂಡಿನ ಸ್ವಂತ ಸರ್ಕಾರ, 2017ರಿಂದ 2020ರವರೆಗೆ ಒಮ್ಮೆ, 2022ರಿಂದ 2024ರವರೆಗೆ ಇನ್ನೊಮ್ಮೆ ಬಾಗಿಲು ಹಾಕಿಕೊಂಡಿತ್ತು. 2023-24ರ ಬಜೆಟ್ಟನ್ನು ಲಂಡನ್ನಿನ ಮಂತ್ರಿ ಹೇಳಿದ್ದು ಏಪ್ರಿಲ್ 27ಕ್ಕೆ, ವರ್ಷ ಶುರುವಾಗಿ ಹೆಚ್ಚೂಕಡಿಮೆ ತಿಂಗಳಾದ ಮೇಲೆ. ಪ್ರಾಥಮಿಕ ಶಾಲೆಗಳಲ್ಲಿ ಆಪ್ತಸಮಾಲೋಚನೆ, ಚಿತ್ರಕಲಾ ಚಿಕಿತ್ಸೆ ನಡೆಸುತ್ತಿದ್ದ ‘ಹೆಲ್ದಿ ಹ್ಯಾಪಿ ಮೈಂಡ್ಸ್’ ಯೋಜನೆಗೆ 2023ರ ಮಾರ್ಚಿನಲ್ಲೇ ತಿಲಾಂಜಲಿ ಬಿಟ್ಟಾಗಿತ್ತು. ಕಲೆಗೆ ತಲಾ ಖರ್ಚು ಅಲ್ಲಿ 5 ಪೌಂಡಿನ ಆಸುಪಾಸು, ವೇಲ್ಸ್‌ನಲ್ಲಿ ಅದರ ಎರಡರಷ್ಟು, ಗಡಿಯಾಚೆ ಐರ್ಲೆಂಡಿನಲ್ಲಿ ಅದಕ್ಕಿಂತಲೂ ಹೆಚ್ಚು ಎಂದು ಅಲ್ಲಿನ ಕಲಾ ಮಂಡಳಿಯೇ ಗೋಳಿಟ್ಟಿದೆ. ಆ 5 ಪೌಂಡನ್ನೂ 40-40-20 ಎಂದು ಕತ್ತರಿಸಿದರೆ ಇತರೆಯವರ ಪಾಲಿಗೆ 1 ಪೌಂಡು; ಕನ್ನಡದ ಹುಡುಗಿ ಅದರಲ್ಲಿ ಕೋಲಾಟದ ಕೋಲಾದರೂ ಕೊಂಡಾಳೇ?

ಪರಿಹಾರ ಇದೆ. 2014ರಲ್ಲಿ ಘೋಷಿಸಿದ ಮೊದಲ ಮೂರು ಶೇರ್ಡ್ ಕ್ಯಾಂಪಸ್‌ಗಳಲ್ಲಿ ಮಾಯ್ ಎಂಬ ಹಳ್ಳಿಯದೂ ಒಂದು: ಸೂರು ಒಂದೇ, ಶಾಲೆ ಎರಡು, ಸಮವಸ್ತ್ರ ಎರಡು ಎಂಬುದು ಆಗಿನ ಯೋಜನೆ. ಇಂಟಿಗ್ರೇಟೆಡ್ ಶಾಲೆಯವರೂ ಹಾಗೆಯೇ ಗೇಟಿನ ಎಡಕ್ಕೊಂದು, ಬಲಕ್ಕೊಂದು ಬೋರ್ಡು ನೆಡಲಿ. ಎಡಗಡೆ ಅರ್ಧ ಮಕ್ಕಳಿಗೆ ನೀಲಿ ಟೈ, ಬಲಗಡೆಯವರಿಗೆ ಹಸಿರು. ಇಬ್ಬರು ಹೆಡ್‌ಮಾಸ್ಟರು, ಎರಡು ಸೀಲು, ಸಹಕಾರ ಒಪ್ಪಂದದ ಎರಡು ಪ್ರತಿ. ನಾಟಕದ ದಿನ ಎಡ ಬಾಗಿಲಿನಿಂದ ಮಕ್ಕಳನ್ನು ಬಸ್ಸಿಗೆ ಹತ್ತಿಸಿ, ಆಟದ ಮೈದಾನ ಒಂದು ಸುತ್ತು ಹಾಕಿಸಿ, ಬಲ ಬಾಗಿಲಲ್ಲಿ ಇಳಿಸಬೇಕು. ಬಸ್ಸಿನ ರಸೀದಿ ಮಾತ್ರ ಮಾರ್ಚ್ 31ರೊಳಗೆ ಕಚೇರಿ ಸೇರಲಿ.