ಕಕ್ಕಡದ ಮಳೆಗೆ ನೆನೆದ ಒಂಟೆಗಳು

ಕಕ್ಕಡ ಅಂದರೆ ನಮ್ಮ ಕೊಡಗಿನಲ್ಲಿ ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳು. ಮೂರು ದಿನದ ಮಳೆ ರಜೆ ಮುಗಿದು ಶಾಲೆ ತೆರೆದಾಗ ನನ್ನ ಮೇಜಿನ ಮೇಲೆ 22 ಚಾರ್ಟುಗಳು ಬಂದು ಕೂತವು. ಎಲ್ಲವನ್ನೂ ಪ್ಲಾಸ್ಟಿಕ್ ಸುತ್ತಿಯೇ ತಂದಿದ್ದರು. ಆದರೂ ಸ್ಕೆಚ್ ಪೆನ್ನಿನ ಬಣ್ಣ ಇಳಿದು ಥಾರ್ ಮರುಭೂಮಿ ನಮ್ಮ ಗದ್ದೆಯ ಹಾಗೆ ಕೆಸರಾಗಿತ್ತು. ನಾಲ್ಕೈದು ಚಾರ್ಟು ಬಿಟ್ಟರೆ ಉಳಿದೆಲ್ಲದರಲ್ಲೂ ಒಂದೇ ಒಂಟೆ, ಅದೇ ಭಂಗಿ, ಅದೇ ಮೂತಿ. ಪೇಟೆಯ ಒಂದೇ ಜೆರಾಕ್ಸ್ ಅಂಗಡಿಯಲ್ಲಿ ಹುಟ್ಟಿದ ಒಂಟೆಗಳು.

ತಪ್ಪು ನನ್ನದೇ. ಆರನೇ ತರಗತಿಯ ಬೋರ್ಡಿನ ಮೇಲೆ 'ಮರುಭೂಮಿಯ ಸಸ್ಯ, ಪ್ರಾಣಿಗಳು: ಸಂಶೋಧನಾ ಪ್ರಾಜೆಕ್ಟ್' ಎಂದು ಬರೆದು ಕೈ ತೊಳೆದುಕೊಂಡವಳು ನಾನು. ಏನನ್ನು ಹುಡುಕಬೇಕು ಅಂತ ಹೇಳಲಿಲ್ಲ. ಮಕ್ಕಳು ಚಿತ್ರ ಹುಡುಕಿದರು, ಅಪ್ಪಂದಿರು ದುಡ್ಡು ಕೊಟ್ಟರು, ಅಮ್ಮಂದಿರು ಗಮ್ ಹಚ್ಚಿದರು.

ಒಂಟೆಯ ಪಕ್ಕ ಎರಡು ಕೈ ಎತ್ತಿ ನಿಂತ ಎತ್ತರದ ಪಾಪಾಸುಕಳ್ಳಿ ಇತ್ತಲ್ಲ, ಅದರ ಹೆಸರು ಸಗ್ವಾರೊ. ಅದು ಬೆಳೆಯುವುದು ಅಮೆರಿಕದ ಅರಿಜೋನ, ಮೆಕ್ಸಿಕೊ ಕಡೆಯ ಸೊನೋರಾ ಮರುಭೂಮಿಯಲ್ಲಿ ಮಾತ್ರ. ರಾಜಸ್ಥಾನದ ಒಂಟೆ ಅದನ್ನು ಕಂಡೇ ಇಲ್ಲ. ಆ ಗಿಡಕ್ಕೆ ಮೊದಲ ಕೈ ಮೂಡಲು 50 ವರ್ಷವಾದರೂ ಬೇಕು. ನಮ್ಮ ಮಕ್ಕಳು ಎರಡು ನಿಮಿಷದಲ್ಲಿ ಮೂಡಿಸಿದ್ದರು. ಇನ್ನು ಒಂಟೆಯ ಡುಬ್ಬದಲ್ಲಿ ನೀರಿದೆ ಅನ್ನುವ ಹಳೇ ಸುಳ್ಳು ಹೆಚ್ಚುಕಡಿಮೆ ಎಲ್ಲ ಚಾರ್ಟಿನಲ್ಲೂ ಇತ್ತು. ಅಲ್ಲಿರುವುದು ಕೊಬ್ಬು. ನೀರು ಸಿಕ್ಕಾಗ ಹತ್ತು ಹದಿನೈದು ನಿಮಿಷದಲ್ಲಿ ನೂರು ಲೀಟರ್ ಕುಡಿಯುತ್ತದೆ, ಸಿಗದಿದ್ದಾಗ ಬೆವರುವುದನ್ನೂ ಉಚ್ಚೆ ಹೊಯ್ಯುವುದನ್ನೂ ಕಡಿಮೆ ಮಾಡುತ್ತದೆ. ಉಚ್ಚೆ ಅಂದದ್ದಕ್ಕೆ ಇಡೀ ಕ್ಲಾಸು ನಕ್ಕಿತು, ಅದೊಂದು ಮಾತು ಮಾತ್ರ ಪರೀಕ್ಷೆಯವರೆಗೂ ನೆನಪಿರುತ್ತದೆ.

ಆಗ ಒಬ್ಬ ಹುಡುಗ ಕೇಳಿದ, "ಟೀಚರ್, ಎಷ್ಟು ಮಳೆ ಬಂದ್ರೆ ಮರುಭೂಮಿ ಅಂತಾರೆ?" ವರ್ಷಕ್ಕೆ ಸುಮಾರು 250 ಮಿಲಿಮೀಟರಿಗಿಂತ ಕಡಿಮೆ ಅಂದೆ. ತೋಟದ ಮನೆಯ ಮಕ್ಕಳಿಗೆ ಮಿಲಿಮೀಟರು ಅರ್ಥವಾಗುವುದಿಲ್ಲ. ಇಂಚು, ಸೆಂಟು (ಇಂಚಿನ ನೂರನೇ ಒಂದು ಭಾಗ) ಹೇಳಬೇಕು. "10 ಇಂಚು" ಅಂದೆ. ಹುಡುಗ ಕಣ್ಣು ಬಿಟ್ಟ. "ಅಜ್ಜ ಮೊನ್ನೆ ಎರಡೇ ದಿನಕ್ಕೆ 11 ಇಂಚು ಬರೆದಿದ್ದಾರೆ!"

ಮರುದಿನ ಅಜ್ಜನ ಮಳೆ ಪುಸ್ತಕ ಶಾಲೆಗೆ ಬಂತು. ನಲವತ್ತು ವರ್ಷದಿಂದ ಬೆಳಗ್ಗೆ ಎಂಟಕ್ಕೆ ಮಳೆಮಾಪಕ ನೋಡಿ ಬರೆದಿಟ್ಟ ಲೆಕ್ಕ. ಜೂನ್, ಜುಲೈ, ಆಗಸ್ಟ್ ಪುಟಗಳು ತುಂಬಿ ಅಂಚಿನಲ್ಲೂ ಬರಹ. ಇನ್ನು ಜನವರಿ, ಫೆಬ್ರವರಿ ತೆಗೆದರೆ ಎಷ್ಟೋ ವರ್ಷ ಬರೀ ಸೊನ್ನೆ. ಸೊನ್ನೆಯ ಕೆಳಗೆ ಸೊನ್ನೆ. "ಟೀಚರ್, ಹಾಗಾದ್ರೆ ಎರಡು ತಿಂಗಳು ನಮ್ಮದೂ ಮರುಭೂಮಿಯಾ?"

ಅಲ್ಲ, ಅಲ್ಲವೇ ಅಲ್ಲ. ಮಣ್ಣಿನೊಳಗೆ ತೇವ ಇರುತ್ತದೆ, ಬೆಳಗ್ಗೆ ಮಂಜು ಬೀಳುತ್ತದೆ. ಆದರೆ ಮಣ್ಣೇ ಇಲ್ಲದ ಗಿಡಕ್ಕೆ? ತೋಟದ ಹಲಸಿನ ಕೊಂಬೆಯ ಮೇಲೆ ಕೂತ ಸೀತಾಳೆ ದಂಡೆ ಅನ್ನುವ ಆರ್ಕಿಡ್‌ಗೆ? ಮಳೆ ನಿಂತ ಮರುಗಳಿಗೆಯಿಂದಲೇ ಅದಕ್ಕೆ ಬರಗಾಲ. ಅದಕ್ಕೇ ಎಲೆ ದಪ್ಪ. ಬೇರಿಗೆ ಬಿಳಿ ಸ್ಪಂಜಿನಂಥ ಹೊದಿಕೆ, ಸಿಕ್ಕ ಹನಿಯನ್ನು ಹೀರಿಕೊಳ್ಳಲು. ಇಂಥ ದಪ್ಪ ಎಲೆಯ ಎಷ್ಟೋ ಆರ್ಕಿಡ್‌ಗಳು ಹಗಲಲ್ಲಿ ಎಲೆಯ ಸಣ್ಣ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತಂಪಿನಲ್ಲಿ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆ ತೆಗೆದುಕೊಳ್ಳುತ್ತವೆ. ಸಗ್ವಾರೊ ಮಾಡುವುದೂ ಇದನ್ನೇ. ನಮ್ಮ ಅನಾನಸು ಮಾಡುವುದೂ ಇದನ್ನೇ. 2000ದ ಆಸುಪಾಸಿನಲ್ಲಿ ಎಲ್ಲರೂ ಮುಗಿಬಿದ್ದು ನೆಟ್ಟು ಆಮೇಲೆ ಕೈ ಸುಟ್ಟುಕೊಂಡೆವಲ್ಲ, ಆ ವೆನಿಲ್ಲಾ ಬಳ್ಳಿಯೂ ಇದೇ ಜಾತಿ ಲೆಕ್ಕದ್ದು.

ಕಾಫಿ ಕೂಡ ಹಾಗೇ ಕಾಯುತ್ತದೆ. ಒಣ ತಿಂಗಳುಗಳಲ್ಲಿ ಮೊಗ್ಗು ಗಟ್ಟಿಯಾಗಿ ಮಲಗಿರುತ್ತದೆ. ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬಿಳಿ. ಒಂದು ಒಳ್ಳೇ ಮಳೆಗಾಗಿ ಮರಳಿನಲ್ಲಿ ವರ್ಷಗಟ್ಟಲೆ ಕಾಯುವ ಬೀಜಗಳ ಬಗ್ಗೆ ಇದಾದ ಮೇಲೆ ಹೇಳಿದೆ. ಯಾರಿಗೂ ವಿವರಿಸಬೇಕಾಗಲಿಲ್ಲ.

ನನಗೆ ನಾಚಿಕೆ ತರಿಸಿದ್ದು ಮಾತ್ರ ಬೇರೆ. ರಾಜಸ್ಥಾನದ ರಾಜ್ಯವೃಕ್ಷ ಖೇಜ್ರಿಯ ಚಿತ್ರವನ್ನು ಮೊಬೈಲಿನಲ್ಲಿ ತೋರಿಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿ ಮೆಲ್ಲಗೆ, "ಇದು ಬನ್ನಿ ಗಿಡ ಐತ್ರಿ ಟೀಚರ್, ನಮ್ಮೂರಾಗ ಹೊಲದಾಗ ಇರ್ತೈತಿ" ಅಂದಳು. ರಾಯಚೂರು ಕಡೆಯಿಂದ ಬಂದು ತೋಟದ ಕೆಲಸದವರ ಲೈನ್ ಮನೆಯಲ್ಲಿರುವವರ ಮಗಳು. ಎರಡು ವರ್ಷದಲ್ಲಿ ಅವಳು ತಾನಾಗಿ ಆಡಿದ ಮೊದಲ ಮಾತು ಅದು. ಅವಳು ಹೇಳಿದ್ದು ಸರಿ. ಖೇಜ್ರಿ ಅಂದರೆ ಬನ್ನಿಯೇ, ದಸರೆಗೆ ನಾವು ಕೈ ಮುಗಿಯುವ ಬನ್ನಿ. ಬೇರು ಆಳಕ್ಕೆ ಇಳಿಯುತ್ತದೆ, ಕಡು ಬೇಸಿಗೆಯಲ್ಲೂ ಹಸಿರು, ಎಲೆ ಆಡಿಗೆ, ಎಳೇ ಕಾಯಿ ಮನುಷ್ಯರಿಗೆ. ಈ ಮರ ಕಡಿಯಬೇಡಿ ಎಂದು 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿಯಲ್ಲಿ ಅಮೃತಾ ದೇವಿ ಮತ್ತು ಅವರ ಜೊತೆಗಿನ ಬಿಷ್ಣೋಯಿ ಸಮುದಾಯದವರು ಪ್ರಾಣ ಕೊಟ್ಟರು, ಒಟ್ಟು 363 ಜನ. ಅದನ್ನು ನಾನು ಹೇಳಿದೆ. ಬನ್ನಿ ಕೆಳಗೆ ಜೋಳ ಚೆನ್ನಾಗಿ ಬರುತ್ತದೆ ಅನ್ನುವುದನ್ನು ಅವಳು ಹೇಳಿದಳು. ಅವಳ ಚಾರ್ಟಿನಲ್ಲೂ ಜೆರಾಕ್ಸ್ ಒಂಟೆಯೇ ಇತ್ತು, ಸಾಲ ಮಾಡಿ ತಂದದ್ದಂತೆ.

ಇಷ್ಟು ಬರೆದರೆ ಕೆಲವರು, ಕೊಡಗಿನ ಮಕ್ಕಳಿಗೆ ಮರುಭೂಮಿ ಯಾಕೆ, ಇಲ್ಲಿನದನ್ನೇ ಕಲಿಸಿ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ವರ್ಷಕ್ಕೆ ನೂರಿಪ್ಪತ್ತು ಇಂಚು ಮಳೆ ನೋಡುವ ಮಗುವಿಗೆ ಮಳೆಯಿಲ್ಲದ ಜಾಗದ ಮೇಲೆ ಬೆರಗು ಹುಟ್ಟಲೇಬೇಕು. ಬೇಡದ್ದು ಚಾರ್ಟು, ಥರ್ಮಾಕೋಲು ಮತ್ತು ಮಿನುಗು ಪುಡಿ. ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು "ಇಷ್ಟು ಖರ್ಚು ಮಾಡಿಸಿ ಮಾರ್ಕ್ಸ್ ಕೊಡದಿದ್ದರೆ ಹೇಗೆ ಟೀಚರ್" ಎಂದು ಕೇಳಿದ್ದಾರೆ. ನ್ಯಾಯವೇ. ಎಲ್ಲರಿಗೂ ಒಂದೇ ಮಾರ್ಕು ಹಾಕಿ, ಚಾರ್ಟುಗಳನ್ನು ಬಿಸಿಯೂಟದ ಅಡುಗೆಮನೆಯ ಒಲೆ ಹತ್ತಿರ ಒಣಗಲು ಹಾಕಿದ್ದೇನೆ.

ಹೊಸ ಪ್ರಾಜೆಕ್ಟಿನ ಪ್ರಶ್ನೆಯನ್ನು ಮಕ್ಕಳೇ ಆರಿಸಿದರು: ಕಕ್ಕಡ ತಿಂಗಳಲ್ಲಿ ಒಂಟೆಯನ್ನು ನಮ್ಮೂರಿಗೆ ತಂದರೆ ಏನಾಗುತ್ತದೆ? ಮರಳಿಗೆಂದೇ ಇರುವ ಅಗಲ ಪಾದ ಕೆಸರಿನಲ್ಲಿ ಜಾರುತ್ತದೆ ಅನ್ನುವವರೆಗೆ ಬಂದಿದ್ದಾರೆ. ಜಿಗಣೆ ಅದಕ್ಕೆ ಎಲ್ಲಿ ಹತ್ತುತ್ತದೆ ಅನ್ನುವುದರ ಮೇಲೆ ನಿನ್ನೆ ಮಧ್ಯಾಹ್ನದಿಂದ ಜಗಳ ನಡೆದಿದೆ.