ಹಿಟ್ಟಿಗೆ ಹೊಸ ಹೆಸರು

ಹೋದ ತಿಂಗಳು ಬೆಂಗಳೂರಿನ ಒಂದು ದೊಡ್ಡ ಹೋಟೆಲಿಗೆ ಹೋಗಿದ್ದೆ. ಕರೆದವರು ಬೇರೆಯವರು, ಬಿಲ್ಲು ಕೊಡುವವರೂ ಅವರೇ. ಹಾಗಾಗಿ ಧೈರ್ಯವಾಗಿ ಕೂತಿದ್ದೆ. ಮೆನುವಿನಲ್ಲಿ ‘ಫಿಂಗರ್ ಮಿಲ್ಲೆಟ್ ಡಂಪ್ಲಿಂಗ್’ ಅಂತ ಒಂದು ಸಾಲು ಕಂಡಿತು. ಚೀನಾದವರದ್ದೇನೋ ಇರಬೇಕು, ನೋಡೇಬಿಡೋಣ ಅಂತ ಹೇಳಿದೆ. ಬಂತು. ಅಗಲವಾದ ಬಿಳಿ ತಟ್ಟೆ, ಅದರ ನಡುವೆ ನಿಂಬೆಹಣ್ಣಿನ ಗಾತ್ರದ ಎರಡು ರಾಗಿಮುದ್ದೆ. ಪಕ್ಕದ ಪುಟ್ಟ ಬಟ್ಟಲಲ್ಲಿ ಉಪ್ಸಾರು. ಜೊತೆಗೊಂದು ಫೋರ್ಕು! ಸುಮ್ನೆ ಇರಲಾರದೆ ಚುಚ್ಚಿದೆ. ಮುದ್ದೆ ಇಡಿಯಾಗಿ ಕಚ್ಚಿಕೊಂಡು, ಜಾತ್ರೆಯ ಲಾಲಿಪಾಪಿನ ಹಾಗೆ ಮೇಲೆ ಬಂತು. ಸುತ್ತ ನೋಡಿ ಕೈ ಹಾಕಿದೆ.

ನಮ್ಮದು ತುಮಕೂರು ಕಡೆ. ನಮ್ಮೂರಲ್ಲಿ ಮುದ್ದೆ ಅನ್ನುವುದೂ ಕಡಿಮೆ, ‘ಹಿಟ್ಟು’ ಅಂದರೆ ಮುಗಿಯಿತು. ‘ಹಿಟ್ಟುಂಡ್ರಾ?’ ಅಂದರೆ ಊಟ ಆಯ್ತಾ ಅಂತ. ಅನ್ನ ಮಾಡುತ್ತಿದ್ದದ್ದು ಹಬ್ಬಕ್ಕೆ, ನೆಂಟರಿಗೆ ಮತ್ತು ಜ್ವರ ಬಂದವರಿಗೆ. ನೆಂಟರು ಬಾರದ ತಿಂಗಳಲ್ಲಿ ನಾವು ಹುಡುಗರು ಜ್ವರವಾದರೂ ಬರಲಿ ಅಂತ ಕಾಯುತ್ತಿದ್ದೆವು. ಪೇಟೆಯ ಹೈಸ್ಕೂಲಿಗೆ ಸೇರಿದಾಗ ಬಾಕ್ಸಿನ ಮುಚ್ಚಳವನ್ನು ಅರ್ಧವೇ ತೆರೆದು ರಾಗಿರೊಟ್ಟಿ ಮುರಿದುಕೊಳ್ಳುತ್ತಿದ್ದೆ. ಪಕ್ಕದವನ ಬಾಕ್ಸಲ್ಲಿ ಚಿತ್ರಾನ್ನ. ಅವನು ಯಾವತ್ತೂ ಏನೂ ಅನ್ನಲಿಲ್ಲ ಪಾಪ. ಆದರೆ ಅವನ ಬಾಕ್ಸಿನ ಮುಚ್ಚಳ ಪೂರ್ತಿ ತೆರೆದಿರುತ್ತಿತ್ತು.

ಈ ಅಕ್ಕಿ-ರಾಗಿ ಜಗಳ ನಮ್ಮ ಕಾಲದ್ದಲ್ಲ. 16ನೇ ಶತಮಾನದಲ್ಲೇ ಕನಕದಾಸರು ಇದನ್ನು ‘ರಾಮಧಾನ್ಯ ಚರಿತೆ’ ಅಂತ ಬರೆದಿಟ್ಟಿದ್ದಾರೆ. ಅಲ್ಲಿ ಅಕ್ಕಿಯ ಹೆಸರು ವ್ರೀಹಿ. ರಾಗಿಯ ಹೆಸರು ನರೆದಲೆಗ, ಅಂದರೆ ತಲೆ ನರೆತವನು. ನಾನು ದೇವರ ನೈವೇದ್ಯಕ್ಕೆ, ಯಜ್ಞಕ್ಕೆ, ದೊಡ್ಡವರ ಮನೆಗೆ ಅಂತ ಭತ್ತ ಮೀಸೆ ತಿರುವುತ್ತದೆ. ರಾಗಿ ಸುಮ್ಮನಿರುವುದಿಲ್ಲ. ನೀನು ದುಡ್ಡಿದ್ದವರ ಬೆನ್ನು ಹತ್ತುವವನು, ಬಡವರನ್ನು ಕಣ್ಣೆತ್ತಿ ನೋಡದವನು, ಬಾಣಂತಿಗೂ ರೋಗಿಗೂ ಪಥ್ಯ, ಕೊನೆಗೆ ಹೆಣದ ಬಾಯಿಗೆ ಹಾಕುವ ತುತ್ತು ಅಂತ ಮುಖಕ್ಕೇ ಹೇಳುತ್ತದೆ. (ಜ್ವರಕ್ಕೆ ಕಾಯುತ್ತಿದ್ದ ನಮ್ಮ ಗುಟ್ಟು ಕನಕದಾಸರಿಗೆ ಆಗಲೇ ಗೊತ್ತಿತ್ತು.) ಜಗಳ ರಾಮನ ಮುಂದೆ ನ್ಯಾಯಕ್ಕೆ ಬಂತು. ರಾಮ ಏನು ಮಾಡಿದ? ಇಬ್ಬರನ್ನೂ ಆರು ತಿಂಗಳು ಸೆರೆಗೆ ಹಾಕಿಸಿದ. ಆಚೆ ತೆಗೆದಾಗ ಅಕ್ಕಿ ಕಳೆಗುಂದಿತ್ತು, ರಾಗಿ ಹೋದ ಹಾಗೇ ಬಂದಿತ್ತು. ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಹುಳ ಮುಟ್ಟದೆ ಇರುವ ಕಾಳಿಗೆ ಆರು ತಿಂಗಳ ಜೈಲು ಯಾವ ಲೆಕ್ಕ? ರಾಮ ಮೆಚ್ಚಿ ತನ್ನ ರಾಘವ ಅನ್ನುವ ಹೆಸರನ್ನೇ ಕೊಟ್ಟ, ಅದರಿಂದ ರಾಗಿ ಆಯಿತು ಅನ್ನುವುದು ಕಥೆ.

ಆದರೆ ನನ್ನ ತಕರಾರು ಇಷ್ಟೇ. ಗೆದ್ದ ಮೇಲೂ ರಾಗಿಗೆ ಮರ್ಯಾದೆ ಸಿಗಬೇಕಾದರೆ ದೊಡ್ಡವರೊಬ್ಬರು ಹೊಸ ಹೆಸರು ಇಡಬೇಕಾಯಿತು. ಅದು ಈಗಲೂ ನಿಂತಿಲ್ಲ. ನವಣೆ, ಸಾಮೆ, ಹಾರಕಗಳಿಗೆ ಮೊದಲು ಕಿರುಧಾನ್ಯ, ತೃಣಧಾನ್ಯ ಅನ್ನುತ್ತಿದ್ದರು. ತೃಣ ಅಂದರೆ ಹುಲ್ಲು, ನೋಡಿ. ಈಗ ಎಲ್ಲವೂ ಸಿರಿಧಾನ್ಯ. ದೆಹಲಿಯ ಕಡತಗಳಲ್ಲಿ ‘ಒರಟು ಧಾನ್ಯ’ ಆಗಿದ್ದ ರಾಗಿ, ಜೋಳ, ಸಜ್ಜೆಗೆ 2018ರಲ್ಲಿ ‘ನ್ಯೂಟ್ರಿ ಸೀರಿಯಲ್’ ಅಂತ ಬಡ್ತಿ ಸಿಕ್ಕಿತು. 2023 ಇಡೀ ವರ್ಷವನ್ನೇ ವಿಶ್ವಸಂಸ್ಥೆ ಇವುಗಳಿಗೆ ಬರೆದುಕೊಟ್ಟಿತು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ, ಪಾಲಿಶ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ನಮ್ಮಜ್ಜಿ ಹಿಟ್ಟು ತೊಳಸುತ್ತಿದ್ದಾಗಲೂ ಅಷ್ಟೇ ಇತ್ತು, ಅಲ್ವಾ?

ಅಜ್ಜಿ ತೊಳಸುವುದನ್ನು ನೋಡಬೇಕಿತ್ತು. ಎಸರು ಕುದಿಯುವಾಗ ಹಿಟ್ಟನ್ನು ಗೋಪುರದ ಹಾಗೆ ಸುರಿದು, ನಟ್ಟನಡುವೆ ಕೋಲು ನಿಲ್ಲಿಸಿ ಬಿಟ್ಟುಬಿಡುತ್ತಿದ್ದಳು. ಹಿಟ್ಟಿನ ಸುತ್ತ ನೀರು ಗುಳುಗುಳು ಅನ್ನುತ್ತಾ ಇರಬೇಕು, ಅವಳು ಅತ್ತ ಸೊಪ್ಪು ಸೋಸುತ್ತಾ ಇರಬೇಕು. ಕಣ್ಣಿಂದ ನೋಡುತ್ತಿರಲಿಲ್ಲ, ಸದ್ದು ಬದಲಾದ ಕೂಡಲೇ ಎದ್ದುಬರುತ್ತಿದ್ದಳು. ಮಡಕೆ ಕೆಳಗಿಳಿಸಿ, ಕವೆಗೋಲಲ್ಲಿ ಅದುಮಿ ಹಿಡಿದು, ಒಂದು ಗಂಟೂ ಉಳಿಯದ ಹಾಗೆ ತಿರುವುತ್ತಿದ್ದಳು. ಆಮೇಲೆ ಕೈಗೆ ತಣ್ಣೀರು ಸವರಿಕೊಂಡು, ಹೊಗೆಯಾಡುವ ಹಿಟ್ಟನ್ನು ಹಲಗೆಯ ಮೇಲೆ ಉರುಳಿಸಿದರೆ ಮೂರೇ ಸುತ್ತು, ಮುದ್ದೆ ಫಳಫಳ. ಅಗಿಯುವ ಹಾಗಿಲ್ಲ, ಸಾರಲ್ಲಿ ಅದ್ದಿ ನುಂಗಬೇಕು. ಈ ನುಂಗುವ ವಿದ್ಯೆ ಬಾರದ ಹೊಸ ಅಳಿಯಂದಿರು ನಮ್ಮ ಊರಲ್ಲಿ ನಗೆಪಾಟಲಾಗುತ್ತಿದ್ದರು. ಕೆಳಗೆ ಕೂತವನಿಗೂ ಯಾರನ್ನೋ ನೋಡಿ ನಗಲು ಒಂದು ಮೆಟ್ಟಿಲು ಬೇಕಲ್ಲ!

ರಾಗಿಯಿಂದಲೇ ಹೆಸರು ಪಡೆದ ಒಬ್ಬರಿದ್ದರು. ಮಂಡ್ಯದ ವಿ.ಸಿ. ಫಾರ್ಮ್ ಅನ್ನುವ ಕೃಷಿ ಸಂಶೋಧನಾ ಕೇಂದ್ರದಲ್ಲಿ ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿ ‘ಇಂಡಾಫ್’ ತಳಿಗಳನ್ನು ಕೊಟ್ಟ ವಿಜ್ಞಾನಿ ಲಕ್ಷ್ಮಣಯ್ಯ. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’. ಇಳುವರಿ ಏರಿತು, ಜನ ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಅಂತ ಕರೆದರು. ಇದೊಂದು ಸಲ ರಾಗಿ ತಾನೇ ಬಿರುದು ಕೊಟ್ಟಿತು.

ಇತ್ತ 2013ರಲ್ಲಿ ಅನ್ನಭಾಗ್ಯ ಬಂತು. ಬಡವರಿಗೆ ಒಂದು ರೂಪಾಯಿಗೆ ಒಂದು ಕೆಜಿ ಅಕ್ಕಿ. ಹಬ್ಬದ ಅನ್ನ ದಿನದ ಅನ್ನವಾಯಿತು. ನನಗೆ ಅದರ ಬಗ್ಗೆ ಮೂಗು ಮುರಿಯುವವರನ್ನು ಕಂಡರೆ ಆಗುವುದಿಲ್ಲ. ತಲೆತಲಾಂತರ ಪಕ್ಕದ ಬಾಕ್ಸು ನೋಡಿದವರು ಹೊಟ್ಟೆತುಂಬ ಅನ್ನ ಉಣ್ಣಲಿ ಬಿಡಿ. ಆದರೆ ಅಕ್ಕಿ ಎಲ್ಲರ ಮನೆಗೆ ಬಂದ ಹೊತ್ತಿಗೇ ಉಳ್ಳವರ ತಟ್ಟೆಯಿಂದ ಅದು ಜಾಗ ಖಾಲಿ ಮಾಡಿತು ನೋಡಿ. ಸಕ್ಕರೆ ಕಾಯಿಲೆ ನೆಪ ಇರಬಹುದು. ನಿಜವೂ ಇರಬಹುದು.

ಹೋದ ವರ್ಷ ನಮ್ಮ ಆಫೀಸಿನ ಹಿರಿಯರೊಬ್ಬರು ಸಂಸಾರ ಸಮೇತ ಊರಿಗೆ ಬಂದಿದ್ದರು. ಅವ್ವ ಹಿಂದಿನ ದಿನವೇ ಅಂಗಡಿಯಿಂದ ಸೋನಾಮಸೂರಿ ತರಿಸಿದ್ದಳು. ಒಬ್ಬಟ್ಟು, ಕೋಸಂಬರಿ, ಮಲ್ಲಿಗೆ ಹೂವಿನಂಥ ಅನ್ನ. ಎಲೆ ಮುಂದೆ ಕೂತ ಅವರು ಮೆಲ್ಲಗೆ, “ಅಮ್ಮಾ, ತಪ್ಪು ತಿಳೀಬೇಡಿ. ಮುದ್ದೆ ಇಲ್ವಾ? ಮನೇಲಿ ನಾವು ಅನ್ನ ಬಿಟ್ಟೇಬಿಟ್ಟಿದ್ದೀವಿ” ಅಂದರು. ಒಳಗೆ ನಮಗೆ ಅಂತ ಮಾಡಿ ಮುಚ್ಚಿಟ್ಟಿದ್ದ ಮುದ್ದೆಯನ್ನು ಅವ್ವ ನಾಚಿಕೊಂಡೇ ತಂದು ಬಡಿಸಿದಳು. ಅವರು ಎರಡು ಉಂಡರು, ಅವರ ಮಗ ಫೋಟೋ ತೆಗೆದ.

ಸಂಜೆ ಅವರ ಉದ್ದನೆಯ ಕಾರು ಧೂಳೆಬ್ಬಿಸಿ ಹೋಯಿತು. ಜಗಲಿಯಲ್ಲಿ ನಿಂತಿದ್ದ ಅವ್ವ ಬಹಳ ಹೊತ್ತು ಯೋಚನೆ ಮಾಡಿ, ನನ್ನ ಕಡೆ ತಿರುಗಿ ಕೇಳಿದಳು:

“ಪಾಪ, ಅವ್ರಿಗೆ ರೇಷನ್ ಕಾರ್ಡ್ ಇಲ್ವೇನೋ?”